ಲವಂಗದ ಕಣ್ಣಿನ ದೆವ್ವಗಳು

ಲವಂಗದ ತುದಿಯಲ್ಲಿ ಒಂದು ಸಣ್ಣ ಗುಂಡು ಮೊಗ್ಗು ಇರುತ್ತದೆ, ಅದರ ಸುತ್ತ ನಾಲ್ಕು ಮೊನೆಗಳು. ಮೊಗ್ಗು ಉದುರದೆ ಉಳಿದ ಲವಂಗವನ್ನು ಬಿಳಿಯ ಮಿಠಾಯಿಗೆ ಚುಚ್ಚಿದರೆ ಕಣ್ಣಿನಂತೆ ಕಾಣುತ್ತದೆ. ಉದುರಿದ್ದನ್ನು ಚುಚ್ಚಿದರೆ ಮೊಳೆ ಹೊಡೆದಂತೆ. ಅಂಗಡಿಯಿಂದ ತಂದ ಪೊಟ್ಟಣದಲ್ಲಿ ಅರ್ಧಕ್ಕರ್ಧ ಲವಂಗಕ್ಕೆ ಮೊಗ್ಗೇ ಇರುವುದಿಲ್ಲ. ನನಗೆ ಇಪ್ಪತ್ನಾಲ್ಕು ದೆವ್ವಗಳಿಗೆ ನಲವತ್ತೆಂಟು ಕಣ್ಣು ಬೇಕಾಗಿದ್ದವು. ಆ ಶುಕ್ರವಾರ ಸಂಜೆ ಕೆಲಸದಿಂದ ಬಂದವಳೇ ಊಟದ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಲವಂಗ ಸುರಿದುಕೊಂಡು, ಒಂದೊಂದನ್ನೇ ನೋಡಿ ಬೇರೆ ಮಾಡುತ್ತ ಕುಳಿತೆ. ಸೊರೆಂಟೊ ವ್ಯಾಲಿಯ ಲ್ಯಾಬಿನಲ್ಲಿ ದಿನವಿಡೀ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ, ಸರಿಯಿರುವುದನ್ನು ಸರಿಯಿಲ್ಲದ್ದರಿಂದ ಬೇರೆ ಮಾಡುವುದು. ಅಲ್ಲಿ ಕೈಗೆ ಗ್ಲೌಸ್ ಇರುತ್ತದೆ, ಅಷ್ಟೇ.

ಹಿಂದಿನ ಭಾನುವಾರ ಅಕ್ಕ ಫೋನ್ ಮಾಡಿದ್ದರು. ಒಡಹುಟ್ಟಿದ ಅಕ್ಕನಲ್ಲ. ನಾನು ಓದುತ್ತಿದ್ದಾಗ ಇದೇ ಸ್ಯಾನ್ ಡಿಯಾಗೋದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದವರು, ಬಾಗಲಕೋಟೆ ಕಡೆಯವರು. ಅವರು ಲಾಸ್ ಏಂಜಲೀಸಿನ ಚಾಟ್ಸ್‌ವರ್ತ್‌ಗೆ ಮನೆ ಬದಲಿಸಿ ಎರಡು ವರ್ಷಕ್ಕೂ ಮೇಲಾಗಿತ್ತು.

"ಮುಂದಿನ ಶನಿವಾರ ಹ್ಯಾಲೊವೀನ್ ಪಾರ್ಟಿ ಇಟ್ಕೊಂಡೀವಿ. ಹತ್ತು ಹನ್ನೆರಡು ಮಕ್ಕಳು ಬರ್ತಾವ. ನಿನ್ನ ಆ ಬಿಳಿ ದೆವ್ವ ಮಾಡ್ಕೊಂಡು ಬಾ. ಬರ್ತೀನಿ ಅಂತ ಹೇಳಿ ಮತ್ತ ಡೆಡ್‌ಲೈನ್ ಐತಿ ಅನ್ನಬ್ಯಾಡ."

"ಬರ್ತೀನಿ ಅಕ್ಕ." ಆಮೇಲೆ ಕೇಳಿದೆ, "ಅವಳಿಗೆ ನೆನಪಿದೆಯಾ?"

"ಯಾವುದು, ದೆವ್ವನೋ ನೀನೋ?" ಅಕ್ಕ ನಕ್ಕರು. "ಬಂದು ನೀನ ಕೇಳು."

ಅವಳೆಂದರೆ ಅಕ್ಕನ ಮಗಳು. ಈಗ ಎಂಟು ವರ್ಷ. ಈ ದೇಶದಲ್ಲಿ ನನ್ನನ್ನು ನನ್ನ ಹೆಸರಿನಿಂದಲ್ಲದೆ ಬೇರೆ ಏನೋ ಒಂದರಿಂದ ಕರೆದವಳು ಅವಳೊಬ್ಬಳೇ. ನೆನಪಿದೆಯೋ ಇಲ್ಲವೋ ಎಂಬುದನ್ನು ಆ ವಾರವೆಲ್ಲ ಯೋಚಿಸಿದೆ. ಬಸ್ಸಿಗೆ ಕಾಯುವಾಗಲೂ, ಮೀಟಿಂಗಿನ ನಡುವೆಯೂ. ಇಷ್ಟು ಸಣ್ಣ ವಿಷಯವನ್ನು ಇಷ್ಟು ಯೋಚಿಸುತ್ತಿದ್ದೇನೆಂದು ಯಾರಿಗೂ ಹೇಳಲಿಲ್ಲ. ಹೇಳಲು ಯಾರೂ ಇರಲಿಲ್ಲ ಎನ್ನುವುದು ಹೆಚ್ಚು ಸರಿ.

೨೦೨೦ರಲ್ಲಿ ನಾನು ಲಾ ಹೋಯಾದ ಕ್ಯಾಂಪಸ್ಸಿನಲ್ಲಿ ಎರಡನೆಯ ವರ್ಷದ ಮಾಸ್ಟರ್ಸ್ ಮಾಡುತ್ತಿದ್ದೆ. ಕ್ಯಾಂಪಸ್ಸಿನಲ್ಲಿ ಎಂದೆನಾದರೂ ಆ ವರ್ಷ ಕ್ಯಾಂಪಸ್ಸನ್ನು ನೋಡಿದ್ದೇ ಕಡಿಮೆ. ಪಾಠಗಳೆಲ್ಲ ಲ್ಯಾಪ್‌ಟಾಪಿನಲ್ಲಿ. ಜೊತೆಗಿದ್ದ ಹುಡುಗಿ ಮಾರ್ಚಿನಲ್ಲೇ ಊರಿಗೆ ಹೋದವಳು ಬರಲಿಲ್ಲ. ಮೇಲಿನ ಮನೆಯ ಎರಡು ಕೋಣೆಗಳಲ್ಲಿ ನಾನೊಬ್ಬಳೇ ಉಳಿದೆ. ಕೆಲವು ದಿನ ಸಂಜೆಯವರೆಗೆ ಬಾಯಿಂದ ಒಂದು ಮಾತೂ ಹೊರಟಿರುತ್ತಿರಲಿಲ್ಲ. ಕ್ಲಾಸಿನಲ್ಲಿ ಮೈಕ್ ಆನ್ ಮಾಡಿದಾಗ ನನ್ನ ಧ್ವನಿ ನನಗೇ ಒಡಕಾಗಿ ಕೇಳಿಸುತ್ತಿತ್ತು.

ಕೆಳಗಿನ ಮನೆಯ ಅಂಗಳದಿಂದ ನಾಲ್ಕು ವರ್ಷದ ಹುಡುಗಿಯೊಬ್ಬಳು ನನ್ನ ಬಾಲ್ಕನಿಯತ್ತ ನೋಡಿ ಕೂಗುತ್ತಿದ್ದಳು. ಅವಳಮ್ಮ ನನ್ನನ್ನು ತೋರಿಸಿ 'ಮ್ಯಾಲಿನ ಅಕ್ಕ' ಎಂದಿದ್ದಿರಬೇಕು. ಅವಳ ಬಾಯಲ್ಲಿ ಅದು 'ಮ್ಯಾಲಿನಕ್ಕಾ' ಎಂದು ಒಂದೇ ಉಸಿರಿನ ಕರೆಯಾಯಿತು. ದಿನಕ್ಕೆ ಹತ್ತು ಸಲ. ಮ್ಯಾಲಿನಕ್ಕಾ, ಇರುವೆ ನೋಡು. ಮ್ಯಾಲಿನಕ್ಕಾ, ನಾ ಶೂ ಹಾಕ್ಕೊಂಡೆ. ಆಗಿನ್ನೂ ಡೇಕೇರ್ ಮುಚ್ಚಿತ್ತು, ಅವಳ ನಾಲಿಗೆ ಮೇಲೆ ಮನೆಯ ಕನ್ನಡವೇ ಇತ್ತು.

ಅಕ್ಕ ಬಟ್ಟೆ ಒಣಗಿಸುವ ಹಗ್ಗದ ತುಂಡಿಗೆ ಒಂದು ಬಟ್ಟೆಚೀಲ ಕಟ್ಟಿಕೊಟ್ಟರು. ನಾನು ಬಾಲ್ಕನಿಯಿಂದ ಅದನ್ನು ಇಳಿಬಿಡಬೇಕು, ಅವರು ಅದರಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇಟ್ಟು "ಎಳಿ" ಎನ್ನಬೇಕು. ಆರೇಳು ತಿಂಗಳು ನಾವು ಒಬ್ಬರ ಮನೆಗೊಬ್ಬರು ಕಾಲಿಡದೆ ಹೀಗೆಯೇ ಕೊಟ್ಟು ತೆಗೆದುಕೊಂಡೆವು. ಖಾಲಿ ಚೀಲ ಇಳಿಸಬಾರದೆಂದು ನಾನು ಎರಡು ನಿಂಬೆಹಣ್ಣಾದರೂ ಹಾಕಿರುತ್ತಿದ್ದೆ.

ಆ ಅಕ್ಟೋಬರಿನಲ್ಲಿ, ಹ್ಯಾಲೊವೀನಿಗೆ ಮಕ್ಕಳು ವೇಷ ಹಾಕಿಕೊಂಡು ಮಿಠಾಯಿ ಕೇಳುತ್ತ ಮನೆಮನೆಗೆ ಹೋಗುವುದು ಬೇಡವೆಂದು ಅಪಾರ್ಟ್‌ಮೆಂಟಿನವರು ನೋಟಿಸ್ ಅಂಟಿಸಿದರು. ಅದಕ್ಕೆ ಬದಲಾಗಿ ಮಕ್ಕಳಿರುವ ಮನೆಗಳ ಬಾಗಿಲಿಗೆ ಒಂದೊಂದು ಕಿತ್ತಳೆ ಬಣ್ಣದ ಪೊಟ್ಟಣ ನೇತುಹಾಕಿದರು. ಹುಡುಗಿಗೆ ಬಾವಲಿಯ ವೇಷ ಮೊದಲೇ ಕೊಂಡಾಗಿತ್ತು. ಕಪ್ಪು ರೆಕ್ಕೆ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕುಳಿತು ಪೊಟ್ಟಣ ಬಿಚ್ಚಿದಳು. ಹುಳುವಿನಾಕಾರದ ಗಮ್ಮಿ, ದೆವ್ವದಾಕಾರದ ಮಾರ್ಷ್‌ಮೆಲ್ಲೊ. ಅಕ್ಕ ಒಂದೊಂದರ ಹಿಂಭಾಗವನ್ನೂ ಕಣ್ಣ ಹತ್ತಿರ ಹಿಡಿದು ಓದಿದರು.

"ಇದ್ರಾಗ ಜೆಲಟಿನ್ ಐತಿ. ಇದ್ರಾಗೂ ಐತಿ. ಎಲ್ಲಾದ್ರಾಗೂ ಐತಿ." ಪ್ರಾಣಿಯ ಎಲುಬು, ಚರ್ಮ ಕುದಿಸಿ ತೆಗೆಯುವ ಆ ಅಂಟು ಅವರ ಮನೆಯೊಳಕ್ಕೆ ಹೋಗುವ ಹಾಗಿರಲಿಲ್ಲ. "ಇವು ನಮಗ ಆಗಂಗಿಲ್ಲ, ಬಂಗಾರಿ. ನಾಳೆ ಚಾಕ್ಲೇಟ್ ತರೂಣು."

ಬಾವಲಿ ಅಳತೊಡಗಿತು. ಅವಳು ಕೇಳಿದ್ದು ಚಾಕ್ಲೇಟ್ ಅಲ್ಲ, ದೆವ್ವ.

ಬಾಲ್ಕನಿಯಿಂದ ನೋಡುತ್ತಿದ್ದ ನಾನು ಒಳಗೆ ಬಂದೆ. ಫ್ರೀಜರಿನಲ್ಲಿ ತುರಿದ ತೆಂಗಿನಕಾಯಿಯ ಪೊಟ್ಟಣವಿತ್ತು, ಕಪಾಟಿನಲ್ಲಿ ಒಂದು ಡಬ್ಬಿ ಕಂಡೆನ್ಸ್‌ಡ್ ಮಿಲ್ಕ್. ಕೊಬ್ಬರಿ ಮಿಠಾಯಿಗೆ ಅಷ್ಟೇ ಸಾಕು. ಕಾಯಿತುರಿಯನ್ನು ಬಣ್ಣ ತಿರುಗದ ಹಾಗೆ ಸಣ್ಣ ಉರಿಯಲ್ಲಿ ಬಾಡಿಸಬೇಕು. ಹಾಲು ಸುರಿದ ಮೇಲೆ ಬಾಣಲೆಯ ತಳ ಬಿಡುವವರೆಗೆ ಕೈ ನಿಲ್ಲಿಸಬಾರದು. ಏಲಕ್ಕಿ ಪುಡಿ ಹಾಕಿದರೆ ದೆವ್ವದ ಮೈಮೇಲೆ ಕೊಳೆ ಕೂತಂತೆ ಕಾಣುತ್ತದೆ, ಆದ್ದರಿಂದ ಇಡೀ ಏಲಕ್ಕಿ ಹಾಕಿ ಕೊನೆಯಲ್ಲಿ ಹೆಕ್ಕಿ ತೆಗೆದೆ. ಅಂಗೈಗೆ ತುಪ್ಪ ಸವರಿಕೊಂಡು, ಬಿಸಿಯಿರುವಾಗಲೇ ನಿಂಬೆ ಗಾತ್ರದ ಉಂಡೆ ಹಿಡಿದು, ಮೇಲಕ್ಕೆ ತಿದ್ದಿ ತಲೆ ಮಾಡಿ, ಕೆಳಗೆ ಲಂಗದ ಅಂಚಿನಂತೆ ಅಗಲಿಸಿದೆ. ಕಣ್ಣಿಗೆ ಚಾಕ್ಲೇಟ್ ಚೂರು ಬೇಕಿತ್ತು, ಇರಲಿಲ್ಲ. ಸಾಸಿವೆ ತೀರ ಸಣ್ಣದು. ಮೆಣಸು ಉರುಳಿ ಬಿತ್ತು. ಲವಂಗಕ್ಕೆ ಕಡ್ಡಿ ಇರುವುದರಿಂದ ನೆಟ್ಟಗೆ ನಿಂತುಕೊಂಡಿತು. ಐದು ದೆವ್ವಗಳನ್ನು ಚೀಲದಲ್ಲಿಟ್ಟು ಇಳಿಸಿದೆ.

ತಪ್ಪು ಆಮೇಲೆ ಗೊತ್ತಾಯಿತು. ಹುಡುಗಿ ದೆವ್ವದ ತಲೆಯನ್ನೇ ಮೊದಲು ಕಚ್ಚಿದಳು. ಲವಂಗ ಹಲ್ಲಿಗೆ ಸಿಕ್ಕಿತು.

"ಮ್ಯಾಲಿನಕ್ಕ ಖಾರ ದೆವ್ವ ಕೊಟ್ಟಾಳ!" ಇಡೀ ಅಪಾರ್ಟ್‌ಮೆಂಟಿಗೆ ಕೇಳುವ ಹಾಗೆ ಕೂಗಿದಳು.

"ಏ ಮಾರಾಯ್ತಿ, ಹುಡುಗಿಗೆ ಹಲ್ಲುನೋವಿನ ಔಷಧಿ ತಿನ್ನಿಸಿದ್ಯಲ್ಲ!" ಎಂದರು ಅಕ್ಕ ಕೆಳಗಿನಿಂದ, ನಗುತ್ತ.

ಬಾಲ್ಕನಿಯ ಕಂಬಿಗೆ ಒರಗಿ ಬಾಗಿ, ಆ ಕ್ಷಣಕ್ಕೆ ತೋಚಿದ್ದನ್ನು ಹೇಳಿದೆ. "ಪುಟ್ಟ, ಮೊದ್ಲು ಕಣ್ಣು ಕಿತ್ತುಬಿಡಬೇಕು. ಕಣ್ಣಿದ್ರೆ ಯಾರು ತಿಂತಿದಾರೆ ಅಂತ ದೆವ್ವಕ್ಕೆ ಗೊತ್ತಾಗಿಬಿಡತ್ತೆ. ಕಿತ್ತುಬಿಟ್ರೆ ಗೊತ್ತಾಗಲ್ಲ."

ಅವಳು ಕೂಗು ನಿಲ್ಲಿಸಿ ಕೈಯಲ್ಲಿದ್ದ ದೆವ್ವವನ್ನು ನೋಡಿದಳು. ಉಳಿದ ಒಂದು ಕಣ್ಣನ್ನು ಕಿತ್ತಳು. ಮಿಕ್ಕ ನಾಲ್ಕು ದೆವ್ವಗಳದ್ದನ್ನೂ ಕಿತ್ತಳು. ಕಿತ್ತ ಕಣ್ಣುಗಳನ್ನೆಲ್ಲ ಚೀಲಕ್ಕೆ ಹಾಕಿ "ಎಳಿ!" ಎಂದಳು. ಮೇಲೆ ಬಂದ ಚೀಲದಲ್ಲಿ ಒಂಬತ್ತು ಲವಂಗ ಇದ್ದವು. ಅವನ್ನು ತೊಳೆದು ಆ ರಾತ್ರಿ ಚಹಾಕ್ಕೆ ಹಾಕಿಕೊಂಡೆ.

ಮರುವರ್ಷ ಅವರ ಅಡುಗೆಮನೆಯಲ್ಲೇ ಮಾಡಿದೆವು. ಅವಳು ಸ್ಟೂಲಿನ ಮೇಲೆ ನಿಂತು ನನ್ನ ಪಕ್ಕದಲ್ಲಿ ದೆವ್ವ ತಿದ್ದಿದಳು. ಅವಳ ದೆವ್ವಗಳೆಲ್ಲ ಒಂದು ಕಡೆ ವಾಲುತ್ತಿದ್ದವು. ಕಿತ್ತಳೆ ಸುಲಿದು ತುದಿಗೆ ಕೊತ್ತಂಬರಿ ದಂಟು ಸಿಕ್ಕಿಸಿ ಕುಂಬಳಕಾಯಿ ಮಾಡಿದೆವು. ಅಕ್ಕ ದೀಪಾವಳಿಗೆಂದು ಕರಿಯುತ್ತಿದ್ದ ಚಕ್ಕುಲಿಯಲ್ಲಿ ನಾಲ್ಕನ್ನು ತಟ್ಟೆಗೆ ಹಾಕಿ "ಇವು ಜ್ಯಾಡರ ಬಲೆ ಅಂದ್ರ ಆತು, ಹಬ್ಬಕ್ಕ ಹಬ್ಬನೂ ಆತು" ಎಂದರು. ತಿನ್ನುವ ಹೊತ್ತಿಗೆ ಹುಡುಗಿ ನನ್ನ ಕೈ ಎಳೆದು ಅಂಗೈ ಬಿಡಿಸಿದಳು. ಒಂದೊಂದು ದೆವ್ವದ ಕಣ್ಣನ್ನೂ ಕಿತ್ತು ಅಲ್ಲಿಟ್ಟಳು. ಅಂಗೈ ತುಂಬ ಲವಂಗ ಹಿಡಿದು, ಅವಳು ತಿಂದು ಮುಗಿಸುವವರೆಗೆ ನಾನು ಅಲುಗಾಡದೆ ಕುಳಿತಿರಬೇಕಾಗಿತ್ತು. ಅಲುಗಿದರೆ ಬೈಗುಳ.

ಅದರ ಮುಂದಿನ ಬೇಸಿಗೆಯಲ್ಲಿ ಅವಳಪ್ಪನಿಗೆ ಚಾಟ್ಸ್‌ವರ್ತ್‌ನಲ್ಲಿ ಕೆಲಸ ಸಿಕ್ಕಿತು. ಟ್ರಕ್ ಹೊರಟಾಗ ಅಕ್ಕ "ತಿಂಗಳಿಗೊಮ್ಮೆ ಬರಬೇಕು ನೋಡವಾ" ಎಂದರು. ಹುಡುಗಿ ಕಾರಿನ ಕಿಟಕಿಯಿಂದ, ನಾನು ಪಕ್ಕದಲ್ಲೇ ನಿಂತಿದ್ದರೂ ಅಭ್ಯಾಸದಂತೆ, ಬಾಲ್ಕನಿಯತ್ತ ನೋಡಿ ಕೈಬೀಸಿದಳು.

ತಿಂಗಳಿಗೊಮ್ಮೆ ಹೋಗಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ಫೋನು ಹಬ್ಬಕ್ಕೊಮ್ಮೆ ಎಂದಾಯಿತು. ತಪ್ಪು ಅವರದಲ್ಲ. ಅಕ್ಕ ಮಾಡಿದಾಗ ನಾನು ಎತ್ತುತ್ತಿದ್ದೆ, ನಾನಾಗಿ ಮಾಡುತ್ತಿರಲಿಲ್ಲ. ಅವರ ಸಂಜೆಯ ಗಡಿಬಿಡಿಯ ನಡುವೆ ನುಗ್ಗಿದಂತಾಗುತ್ತದೆ ಎಂದುಕೊಂಡು ನಂಬರಿನ ಮುಂದೆ ಕುಳಿತು ಎದ್ದ ದಿನಗಳು ಬಹಳ. ಒಂದೆರಡು ಸಲ ಅಕ್ಕ ಮಗಳಿಗೆ ಫೋನ್ ಕೊಟ್ಟರು. ಅವಳ ಕನ್ನಡ ಅಷ್ಟರಲ್ಲೇ ತೆಳುವಾಗಿತ್ತು. ನಾನು ಕೇಳಿದ್ದಕ್ಕೆಲ್ಲ "ಗುಡ್" ಎಂದಳು. ನಾನೂ ಗುಡ್ ಎಂದೆ.

ಅವರು ಹೋದ ಮೇಲಿನ ಎರಡು ಅಕ್ಟೋಬರುಗಳಲ್ಲಿ ನಾನು ಅಂಗಡಿಯ ಚಾಕ್ಲೇಟ್ ತಂದು ಬಾಗಿಲ ಬಳಿ ಬೋಗುಣಿಯಲ್ಲಿಟ್ಟೆ. ಇಲ್ಲಿ ಗುರುತಿಲ್ಲದವರ ಮನೆಯಲ್ಲಿ ಮಾಡಿದ ತಿಂಡಿಯನ್ನು ಯಾರೂ ಮಕ್ಕಳಿಗೆ ಕೊಡುವುದಿಲ್ಲ, ಮುಚ್ಚಿದ ಪೊಟ್ಟಣವೇ ಆಗಬೇಕು ಎಂದು ಅಷ್ಟು ಹೊತ್ತಿಗೆ ತಿಳಿದಿತ್ತು. ಕೆಳಗೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಮೆಟ್ಟಿಲು ಹತ್ತಿ ಯಾರೂ ಬರಲಿಲ್ಲ. ಎರಡನೆಯ ವರ್ಷ ನನಗಾಗಿ ಎಂದುಕೊಂಡು ಆರು ದೆವ್ವ ಮಾಡಿದೆ. ಕಣ್ಣಿಡದೆ ತಿಂದೆ.

ಈಗ, ಈ ಶುಕ್ರವಾರ ರಾತ್ರಿ, ಇಪ್ಪತ್ನಾಲ್ಕು ದೆವ್ವಗಳು ಮುಗಿದವು. ಡಬ್ಬಿಯಲ್ಲಿ ಬೆಣ್ಣೆಕಾಗದ ಹಾಸಿ ನಾಲ್ಕು ಸಾಲಾಗಿ ನಿಲ್ಲಿಸಿ, ಮುಚ್ಚಳಕ್ಕೆ ಲ್ಯಾಬಿನಲ್ಲಿ ಅಂಟಿಸುವಂಥ ಬಿಳಿ ಟೇಪಿನ ಮೇಲೆ ಬರೆದೆ: ತೆಂಗಿನಕಾಯಿ, ಹಾಲು, ಸಕ್ಕರೆ, ತುಪ್ಪ, ಏಲಕ್ಕಿ, ಲವಂಗ. ಜೆಲಟಿನ್ ಇಲ್ಲ, ಮೊಟ್ಟೆ ಇಲ್ಲ. ಇಂಗ್ಲಿಷಿನಲ್ಲಿ, ದೊಡ್ಡಕ್ಷರಗಳಲ್ಲಿ.

ಶನಿವಾರ ಬೆಳಗ್ಗೆ ಹತ್ತಕ್ಕೆ ಹೊರಟೆ. ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟು ಸೀಟ್‌ಬೆಲ್ಟ್ ಹಾಕಿದ್ದೆ. ದೆವ್ವಗಳು ಬೆವರಬಾರದೆಂದು ಏಸಿಯನ್ನು ಜೋರಾಗಿಟ್ಟು ನಾನು ಸ್ವೆಟರ್ ಹಾಕಿಕೊಂಡು ಡ್ರೈವ್ ಮಾಡಿದೆ. ನಾಲ್ಕು-ನೂರಾ-ಐದು ಹೆದ್ದಾರಿಯಲ್ಲಿ ಎಂದಿನಂತೆ ಕಾರುಗಳ ಸಾಲು. ಅವಳು ಬಾಗಿಲು ತೆಗೆದರೆ ಮೊದಲು ಏನು ಹೇಳಬೇಕೆಂದು ಎರಡು ಮೂರು ಬಗೆಯಲ್ಲಿ ಹೇಳಿ ನೋಡಿಕೊಂಡೆ. ಯಾವುದೂ ಸರಿಯಾಗಲಿಲ್ಲ.

ಅವರದು ಒಂದೇ ಅಂತಸ್ತಿನ ಮನೆ. ಹುಲ್ಲಿನ ಮೇಲೆ ಗಾಳಿ ತುಂಬಿದ ಬೆಕ್ಕೊಂದು ಬಿಸಿಲಿಗೆ ಬಾಡಿ ಕುಳಿತಿತ್ತು. ಬಾಗಿಲು ತೆಗೆದವರು ಅಕ್ಕ, ಮೊಣಕೈವರೆಗೆ ಹಿಟ್ಟು.

"ಬಾ ಬಾ, ಒಳಗ ಬಾ! ಏನವಾ ಇಷ್ಟು ಸಣ್ಣ ಆಗೀ? ಒಬ್ಬಾಕಿನ ಅಂತ ಅಡಿಗಿ ಮಾಡ್ಕೊಳ್ಳೂದ ಬಿಟ್ಟೀಯೇನು?" ಎಂದು ಹಿಟ್ಟಿನ ಕೈಯಲ್ಲೇ ತಬ್ಬಿಕೊಂಡರು. ಒಳಗೆ ತಿರುಗಿ ಮಗಳನ್ನು ಕೂಗಿದರು. "ಯಾರು ಬಂದಾರ ನೋಡಿಲ್ಲೆ!"

ಅವಳು ಓಡಿಬಂದಳು. ಪಾರದರ್ಶಕ ಕೊಡೆಯ ಅಂಚಿಗೆಲ್ಲ ರಿಬ್ಬನ್ ಕಟ್ಟಿಕೊಂಡು ಜೆಲ್ಲಿಫಿಶ್ ಆಗಿದ್ದಳು. ಎತ್ತರವಾಗಿದ್ದಳು, ಮುಂದಿನ ಹಲ್ಲುಗಳು ದೊಡ್ಡದಾಗಿ ಬಂದಿದ್ದವು. ರಿಬ್ಬನ್‌ಗಳ ನಡುವಿಂದ ನನ್ನನ್ನು ನೋಡಿ, ಚೆನ್ನಾಗಿ ಬೆಳೆಸಿದ ಮಕ್ಕಳು ಬಾಗಿಲಿಗೆ ಬಂದವರನ್ನೆಲ್ಲ ನೋಡಿ ನಗುವಂತೆ ನಕ್ಕಳು.

"ಹಾಯ್ ಆಂಟಿ," ಎಂದಳು. ಹಿತ್ತಲಿಗೆ ಓಡಿದಳು.

ಅಷ್ಟೇ. ಅಕ್ಕ "ಗದ್ಲದಾಗ ಅದಾಳ, ಆಮ್ಯಾಲೆ ಮಾತಾಡ್ತಾಳ ತಗೋ" ಎಂದರು. ನಾನು ತಲೆಯಾಡಿಸಿ ಡಬ್ಬಿ ಎಲ್ಲಿಡಲಿ ಎಂದು ಕೇಳಿದೆ.

ಹಿತ್ತಲ ಮೇಜಿನ ಮೇಲೆ ಪಿಜ್ಜಾ, ಹಸಿರು ಕ್ರೀಮಿನ ಕಪ್‌ಕೇಕ್, ಚಕ್ಕುಲಿಯ ಬಲೆ, ಕೊತ್ತಂಬರಿ ದಂಟಿನ ಕಿತ್ತಳೆ ಎಲ್ಲ ಇದ್ದವು. ಕಿತ್ತಳೆಗಳನ್ನು ನೋಡಿ ಒಂದು ಕ್ಷಣ ನಿಂತೆ. ದೆವ್ವಗಳನ್ನು ಮೇಜಿನ ತುದಿಯಲ್ಲಿ ಜೋಡಿಸಿದೆ. ಯಾವುದೋ ಮಗುವಿನ ತಾಯಿ ಬಂದು ಟೇಪನ್ನು ಪೂರ್ತಿ ಓದಿ "ಸೋ ಕ್ಯೂಟ್" ಎಂದು ಫೋಟೊ ತೆಗೆದುಕೊಂಡಳು. ಮಾಡಿದ್ದು ನಾನೇ ಎಂದು ಹೇಳುವ ಸಂದರ್ಭ ಬರಲಿಲ್ಲ. ಬೇಲಿಯ ಬಳಿಯ ಕುರ್ಚಿಯಲ್ಲಿ ಕುಳಿತೆ. ಸ್ವೆಟರ್ ತೆಗೆಯಲು ಮರೆತಿದ್ದೆ. ಬಿಸಿಲಿತ್ತು.

ಮಕ್ಕಳು ಆಟ ಮುಗಿಸಿ ಮೇಜಿಗೆ ಮುತ್ತಿದರು. ಚೂಪು ಟೊಪ್ಪಿಗೆಯ ಹುಡುಗಿಯೊಬ್ಬಳು ದೆವ್ವವನ್ನೆತ್ತಿ ನೇರ ಬಾಯಿಗೆ ತಂದಳು. ನಾನು ಏಳಬೇಕೆನ್ನುವಷ್ಟರಲ್ಲಿ ಜೆಲ್ಲಿಫಿಶ್ ಅವಳ ಕೈ ಹಿಡಿದಳು.

"ತಡಿ, ಹಾಗಲ್ಲ!" ಎಂದಳು. ಹೇಳಿದ್ದೆಲ್ಲ ಇಂಗ್ಲಿಷಿನಲ್ಲೇ. "ಮೊದಲು ಕಣ್ಣು ಕೀಳಬೇಕು. ಇಲ್ಲದಿದ್ದರೆ ಯಾರು ತಿಂದರು ಅಂತ ಅದು ನೋಡಿಬಿಡುತ್ತದೆ."

ಮಕ್ಕಳಿಗೆ ಅದು ಬಹಳ ಹಿಡಿಸಿತು. ಎಲ್ಲರೂ ಒಮ್ಮೆಲೇ ದೆವ್ವಗಳ ಕಣ್ಣು ಕೀಳತೊಡಗಿದರು, ಕಿರುಚಾಟ, ನಗು. ಕಿತ್ತದ್ದನ್ನು ಎಲ್ಲಿಡಬೇಕೆಂದು ಒಬ್ಬಳು ಕೇಳಿದಳು. ಅವಳು ಕೊಡೆಯನ್ನು ಕೆಳಗಿಟ್ಟು, ಎಡಗೈಯನ್ನು ಚಾಚಿ, ಅಂಗೈಯನ್ನು ಸ್ವಲ್ಪ ಗುಳಿಯಾಗಿಸಿ ಹಿಡಿದಳು. "ಇಲ್ಲಿಡಿ," ಎಂದಳು. ಅಲುಗಾಡದೆ ನಿಂತಳು.

ನನ್ನ ಕೈ ಹಾಗೆಯೇ ಇರುತ್ತಿತ್ತು. ಎಡಗೈ.

"ಇದನ್ನೆಲ್ಲ ಯಾರು ಹೇಳಿದ್ದು?" ಎಂದಳು ಟೊಪ್ಪಿಗೆಯ ಹುಡುಗಿ.

"ನಮ್ಮ ಮನೆಯಲ್ಲಿ ಹಾಗೇ. ನಾನು ಚಿಕ್ಕವಳಿದ್ದಾಗ ನಮ್ಮಮ್ಮ ಕಂಡುಹಿಡಿದಿದ್ದು."

ಕಪ್‌ಕೇಕಿನ ತಟ್ಟೆ ಹಿಡಿದು ಬರುತ್ತಿದ್ದ ಅಕ್ಕ ಅದನ್ನು ಕೇಳಿಸಿಕೊಂಡರು. ನನ್ನತ್ತ ನೋಡಿದರು. "ಏ, ಅದನ್ನ ಹೇಳಿದ್ದು ನಾ ಅಲ್ಲ..." ಎಂದು ಶುರುಮಾಡಿದರು. ನಾನು ಕುಳಿತಲ್ಲಿಂದಲೇ ಬೇಡ ಎಂದು ತಲೆಯಾಡಿಸಿದೆ. ಅವರು ನಿಲ್ಲಿಸಿದರು.

ಅಂಗೈ ತುಂಬಿದ ಮೇಲೆ ಹುಡುಗಿ ಸುತ್ತ ನೋಡಿದಳು. ಆಟಕ್ಕೆ ಕೈ ಖಾಲಿ ಬೇಕಿತ್ತು. ಹತ್ತಿರದಲ್ಲಿದ್ದ ದೊಡ್ಡವಳು ನಾನೇ. ಬೇಲಿಯ ಬಳಿ ಬಂದು "ಆಂಟಿ, ಇದನ್ನು ಹಿಡ್ಕೋತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿ, ನಾನು ಕೈ ಚಾಚಿದ ಕೂಡಲೇ ಸುರಿದು ಓಡಿದಳು. ಲವಂಗಗಳಿಗೆ ಅವಳ ಕೈಯ ಬಿಸಿ, ತುಪ್ಪದ ಜಿಡ್ಡು. ಎಣಿಸಲಿಲ್ಲ.

ಅಡುಗೆಮನೆಯಲ್ಲಿ ಅಕ್ಕ ಚಹಾಕ್ಕೆ ನೀರಿಟ್ಟಿದ್ದರು.

"ಯಾಕ ಬ್ಯಾಡಂದಿ? ಕರೆದು ಹೇಳ್ತಿದ್ದೆ. ಒಂದು ಫೋಟೊ ತೋರಿಸಿದ್ರ ನೆನಪಾಕ್ಕಿತ್ತು. ಚೀಲ ಎಳೀತಿದ್ದಿ ನೋಡು, ಆ ಫೋಟೊ ನನ್ನ ಹತ್ರ ಐತಿ."

"ಇರ್ಲಿ ಬಿಡಿ ಅಕ್ಕ."

"ಇರ್ಲಿ ಅಂದ್ರ? ಅಷ್ಟು ದೂರದಿಂದ ಬಂದೀ."

ಫೋಟೊ ತೋರಿಸಿದರೆ ಅವಳು ನೋಡುತ್ತಿದ್ದಳು. "ಓ," ಎನ್ನುತ್ತಿದ್ದಳು. ಥ್ಯಾಂಕ್ಯೂ ಹೇಳು ಎಂದು ಅಕ್ಕ ಹೇಳುತ್ತಿದ್ದರು, ಹೇಳುತ್ತಿದ್ದಳು. ಅದು ನನಗೆ ಬೇಕಿರಲಿಲ್ಲ. ಇದನ್ನು ಅಕ್ಕನಿಗೆ ಹೇಳಲು ಬರಲಿಲ್ಲ. "ನಾಲ್ಕು ವರ್ಷದವಳಿಗೆ ಹೇಗೆ ನೆನಪಿರತ್ತೆ?" ಎಂದೆ.

ಅಕ್ಕ ನನ್ನ ಮುಚ್ಚಿದ ಮುಷ್ಟಿಯನ್ನು ನೋಡಿದರು. ನನ್ನ ಕೈಯನ್ನು ತಮ್ಮ ಕಡೆಗೆ ಎಳೆದು ಬಿಡಿಸಿ, ನಾಲ್ಕು ಲವಂಗ ಎತ್ತಿ, ತೊಳೆದು ಕುದಿಯುವ ನೀರಿಗೆ ಹಾಕಿದರು. "ಅಕಿಗೆ ನೆನಪಿಲ್ಲ. ನನಗೈತಿ," ಎಂದರು, ಪಾತ್ರೆಯನ್ನು ನೋಡುತ್ತ. "ಫೋನ್ ಮಾಡವಾ ನೀನೂ. ಯಾವಾಗ್ಲೂ ನಾನ ಮಾಡಬೇಕೇನು?"

ಮಾಡ್ತೀನಿ ಎಂದೆ. ಹೇಳುವಾಗ ಮಾಡಬೇಕೆಂದೇ ಇತ್ತು.

ಅಕ್ಕ ಮುಚ್ಚಿ ಕೊಟ್ಟ ಡಬ್ಬಿ ಹಿಡಿದು ನಾಲ್ಕಕ್ಕೆ ಹೊರಟೆ. ಊಟ ಮಾಡಿ ಹೋಗು, ಉಳಿದು ನಾಳೆ ಹೋಗು ಎಂದರು. ಕೆಲಸವಿದೆ ಎಂದೆ, ಇರಲಿಲ್ಲ. ಬಾಗಿಲವರೆಗೆ ಬಂದ ಹುಡುಗಿ ಅಮ್ಮ ಹೇಳಿದ್ದಕ್ಕೆ ಕೈಬೀಸಿದಳು. ಕೊಡೆ ಮತ್ತೆ ತಲೆಯ ಮೇಲಿತ್ತು. ರಿಬ್ಬನ್‌ಗಳ ಹಿಂದೆ ಮುಖ ಸರಿಯಾಗಿ ಕಾಣಲಿಲ್ಲ.

ಸ್ಯಾನ್ ಕ್ಲೆಮೆಂಟೆ ದಾಟಿ ರಸ್ತೆ ಸಮುದ್ರದ ಪಕ್ಕಕ್ಕೆ ಬರುವಲ್ಲಿ ಕಾರುಗಳೆಲ್ಲ ನಿಂತವು. ಮುಂದೆ ಎಲ್ಲೋ ಏನೋ ಆಗಿತ್ತು. ಸೂರ್ಯ ನೀರಿಗೆ ಇಳಿಯುತ್ತಿದ್ದ. ಪಕ್ಕದ ಕಾರಿನಲ್ಲಿ ಹಿಂದಿನ ಸೀಟಿನ ಮಗು ಕುಂಬಳಕಾಯಿಯ ವೇಷದಲ್ಲೇ ನಿದ್ದೆಹೋಗಿತ್ತು. ಇಪ್ಪತ್ತು ನಿಮಿಷವಾದರೂ ಯಾರೂ ಕದಲಲಿಲ್ಲ. ಹಸಿವಾಯಿತು. ಸೀಟ್‌ಬೆಲ್ಟ್ ಸಡಿಲಿಸಿ ಡಬ್ಬಿಯ ಮುಚ್ಚಳ ತೆಗೆದೆ. ಖಾಲಿಯಿರಬಹುದೆಂದುಕೊಂಡಿದ್ದೆ. ಎರಡು ಉಳಿದಿದ್ದವು. ಕಣ್ಣು ಕೀಳುವ ಆಟಕ್ಕೆ ಯಾರೋ ಎತ್ತಿ, ಕಿತ್ತು, ತಿನ್ನದೆ ವಾಪಸ್ ಇಟ್ಟಿದ್ದರು. ಕಣ್ಣಿದ್ದ ಕಡೆ ಎರಡೆರಡು ಸಣ್ಣ ತೂತು.

ಒಂದನ್ನು ಕೈಗೆ ತೆಗೆದುಕೊಂಡೆ. ಒಂದು ಕಡೆಗೆ ವಾಲಿತ್ತು. ತಲೆಯ ಕಡೆಯಿಂದ ಕಚ್ಚಿ ತಿಂದೆ. ತಿಂದವರು ಯಾರೆಂದು ಅದಕ್ಕೆ ಗೊತ್ತಾಗುವ ಹಾಗಿರಲಿಲ್ಲ.